ಹರಿಯುವುದನ್ನು ಮರೆತ ಎಣ್ಣೆ

ಹೊಳೆಯಾಚೆಯ ಊರಿಗೆ ಮೇಷ್ಟ್ರಾಗಿ ಹೋಗಬೇಕಿದ್ದ ಕೊಟ್ರೇಶಿ ಆಶ್ರಮದ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದ. ಕರೆದೊಯ್ಯಲು ಬಂದ ಹರಿಗೋಲಿನವನು ದಡದಿಂದ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದ.

"ಏಳಪ್ಪ, ಮಕ್ಳು ಕಾಯ್ತಿದಾವೆ," ಎಂದರು ಗುರು ಹಾಲಪ್ಪಯ್ಯ.

"ನಾ ಹೋಗಲ್ಲ ಅಜ್ಜಾರೆ. ಹೋದ್ಸಲ ಏನಾತು, ಮರೆತ್ರಾ?"

ಮರೆಯುವಂಥದ್ದಲ್ಲ. ಊರ ಯಜಮಾನ ಶಾಲೆಗೆ ಬಂದು, ಹರಿಗೋಲಿನವನ ಮಕ್ಕಳು ಬಾಗಿಲಾಚೆ ಕೂರಲಿ ಎಂದಿದ್ದ. ಕೊಟ್ರೇಶಿ ಹೂಂ ಎಂದುಬಿಟ್ಟಿದ್ದ. ಆ ಪುಟ್ಟ ಮಕ್ಕಳು ಸ್ಲೇಟು ಎತ್ತಿಕೊಂಡು ಹೊರಗೆ ನಡೆದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. ಮರುದಿನವೇ ಓಡಿಬಂದಿದ್ದ. ಆ ನಾಚಿಕೆ ಇನ್ನೂ ಸುಡುತ್ತಿತ್ತು.

"ನಿಮ್ಮ ಹತ್ರ ಇದ್ರೆ ಗಟ್ಟಿ ಇರ್ತೀನಿ. ದೂರ ಹೋದ್ರೆ ನೀರು ನೀರು."

ಗುರು ಎದ್ದು ಅಡುಗೆಮನೆಗೆ ಹೋದರು. ಅಡುಗೆಯವನ ಗೊಣಗಾಟಕ್ಕೆ ಕಿವಿಗೊಡದೆ, ಬೋಗುಣಿಯಲ್ಲಿ ಶೇಂಗಾ ಎಣ್ಣೆಗೆ ಕಾರ್ನ್‌ಫ್ಲೋರ್ ಹಿಟ್ಟು ಕಲಸಿ ತಂದರು. ಸೌಟಿನಿಂದ ಸುರಿದರೆ ಸಣ್ಣ ಧಾರೆಯಾಗಿ ಇಳಿಯಿತು.

ಪ್ಲಾಸ್ಟಿಕ್ ಬಾಚಣಿಗೆಯೊಂದನ್ನು ಕೊಟ್ರೇಶಿಯ ತಲೆಗೆ ಚರಚರ ತಿಕ್ಕಿ, ಧಾರೆಯ ಹತ್ತಿರ ಹಿಡಿದರು. ಮುಟ್ಟಿಸಲಿಲ್ಲ. ಧಾರೆ ಮಂದವಾಗಿ, ಬಾಚಣಿಗೆಯ ಕಡೆ ವಾಲಿ, ನಿಂತೇಬಿಟ್ಟಿತು.

"ಯಾವ ಮಂತ್ರ ಹಾಕಿದ್ರಿ?"

"ಮಂತ್ರ ಅಲ್ಲಪ್ಪ, ವಿದ್ಯುತ್ತು. ಕೂದಲಿಗೆ ತಿಕ್ಕಿದ್ರೆ ಬಾಚಣಿಗೆಗೆ ಹತ್ತುತ್ತೆ. ಅದರ ಸೆಳೆತಕ್ಕೆ ಹಿಟ್ಟಿನ ಕಣಗಳು ಒಂದನ್ನೊಂದು ಹಿಡ್ಕೊಂಡು ಸಾಲು ನಿಲ್ತಾವೆ. ಎಣ್ಣೆಗೆ ದಾರಿ ಬಿಡಲ್ಲ."

ಬಾಚಣಿಗೆ ಸರಿಸಿದರು. ಎಣ್ಣೆ ಮತ್ತೆ ಸುರಿಯಿತು.

"ನೋಡಿ, ನಾನೂ ಹಿಂಗೇ!" ಎಂದ ಕೊಟ್ರೇಶಿ, ವಾದದಲ್ಲಿ ಗೆದ್ದವನಂತೆ. ಕಣ್ಣು ಮಾತ್ರ ತುಂಬಿತ್ತು. "ನಾನು ಎಣ್ಣೆ, ನೀವು ಬಾಚಣಿಗೆ. ನೀವೂ ಬರ್ತೀರೇನು ಆ ಊರಿಗೆ?"

ಹತ್ತಿದ್ದ ವಿದ್ಯುತ್ತು ಹೋಗುವಂತೆ ಗುರು ಬಾಚಣಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಿಸಿ, ಈ ಸಲ ತಮ್ಮ ಬೋಳುತಲೆಗೇ ತಿಕ್ಕಿ ಹಿಡಿದರು. ಎಣ್ಣೆ ಕ್ಯಾರೇ ಅನ್ನಲಿಲ್ಲ. ಇನ್ನಷ್ಟು ಜೋರಾಗಿ ತಿಕ್ಕಿದರು. ತಲೆ ಕೆಂಪಾಯಿತೇ ಹೊರತು ಎಣ್ಣೆ ನಿಲ್ಲಲಿಲ್ಲ.

ಅಳು ಬಂದಿದ್ದ ಕೊಟ್ರೇಶಿ ಕಿಸಕ್ಕನೆ ನಕ್ಕುಬಿಟ್ಟ. "ಕೊಡಿ ಇಲ್ಲಿ ಅಜ್ಜಾರೆ!"

ಬಾಚಣಿಗೆ ಕಿತ್ತುಕೊಂಡು ಒರೆಸಿ, ತನ್ನ ದಟ್ಟ ಕೂದಲಿಗೆ ತಿಕ್ಕಿ ಹಿಡಿದ. ಗುರು ಸೌಟು ಬಗ್ಗಿಸಿದರು.

ಧಾರೆ ನಿಂತಿತು.

ಕೊಟ್ರೇಶಿಯ ನಗುವೂ ನಿಂತಿತು. ಎಣ್ಣೆಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿ, ತನ್ನದೇ ಕೂದಲನ್ನು ಮುಟ್ಟಿಕೊಂಡ. ಆಮೇಲೆ ಎದ್ದು ಚೀಲವನ್ನು ಹೆಗಲಿಗೇರಿಸಿದ.

ಹರಿಗೋಲಿನವನು ಮತ್ತೆ ಕೂಗಿದ.

"ಬಂದೆ ತಡಿಯೋ ಮಾರಾಯ!" ಕೊಟ್ರೇಶಿ ಹೊಳೆಗೆಲ್ಲ ಕೇಳುವಂತೆ ಓಗೊಟ್ಟ. "ನಿನ್ನ ಮಕ್ಳು ಒಳಗೇ ಕೂರ್ತಾವೆ. ಯಾವ ಯಜಮಾನ ಬರ್ತಾನೋ ಬರ್ಲಿ!"

ನಾಲ್ಕು ಹೆಜ್ಜೆ ಹೋದವನು ಕೈಯಲ್ಲಿ ಬಾಚಣಿಗೆ ಉಳಿದದ್ದು ಕಂಡು ನಾಲಿಗೆ ಕಚ್ಚಿಕೊಂಡು ತಿರುಗಿ ಬಂದ. "ತಗೊಳ್ಳಿ ಅಜ್ಜಾರೆ."

ಹಾಲಪ್ಪಯ್ಯ ತಮ್ಮ ಕೆಂಪು ತಲೆಯನ್ನು ಸವರಿಕೊಂಡರು.

"ನೀನೇ ಇಟ್ಕೊಳಪ್ಪ. ನನ್ನ ತಲೆಗೆ ಅದರಿಂದ ಏನಾಗ್ಬೇಕು?"