ಹೊಸ್ತಿಲ ಮೇಲಿನ ಕಲ್ಲು

ಹೊನ್ನರಟ್ಟಿಯ ವಿರಕ್ತಮಠವೆಂದರೆ ಮಹಾದ್ವಾರ, ಪಲ್ಲಕ್ಕಿ, ಆನೆ ಎಂದೆಲ್ಲ ಎಣಿಸಿ ಬಂದವರು ಮೊದಲು ಬೆಪ್ಪಾಗುತ್ತಿದ್ದರು. ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಒಂದು ಬೇವಿನ ಮರ, ಇಷ್ಟೇ. ಪಡಸಾಲೆಯ ಮೂಲೆಯಲ್ಲಿ ಕಂಬಳಿಯ ಮೇಲೆ ಪೂಜ್ಯರು ಕುಳಿತಿರುತ್ತಿದ್ದರು. ದೀಕ್ಷಾನಾಮ ನಿರಾಭಾರಿ ಶಿವಯೋಗಿಗಳೆಂದಿದ್ದರೂ ಸುತ್ತಲಿನ ಊರವರ ಬಾಯಲ್ಲಿ ಅವರು ಕಲ್ಲಜ್ಜಾರು. ಅವರ ಬಲಗಡೆಗೆ ಮುಷ್ಟಿಗಾತ್ರದ ಕರಿಯ ಗುಂಡುಕಲ್ಲೊಂದು ಸದಾ ಇರುತ್ತಿದ್ದುದೇ ಆ ಹೆಸರಿಗೆ ಕಾರಣ. ಶ್ರೀಶೈಲದಿಂದ ತಂದದ್ದು ಎಂದು ಕೆಲವರು, ಹಿಮಾಲಯದ ಸಿದ್ಧರು ಕೊಟ್ಟದ್ದು ಎಂದು ಇನ್ನು ಕೆಲವರು. ಭಕ್ತರು ಅದಕ್ಕೆ ವಿಭೂತಿ ಬಳಿದರು, ಪತ್ರಿ ಏರಿಸಿದರು, ಹರಕೆಯನ್ನೂ ಹೊತ್ತರು. ಪೂಜ್ಯರು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ನಮ್ಮ ಜನಕ್ಕೆ ಅಷ್ಟು ಸಿಕ್ಕರೆ ಸಾಕಲ್ಲವೇ?

ಒಂದು ಭಾನುವಾರ ಮುದುವಾಳದ ಶಾಲೆಯ ಮುಖ್ಯಶಿಕ್ಷಕಿ ಇಂದುಮತಿಯವರು ಆ ಪಡಸಾಲೆಗೆ ಬಂದರು. ದೇವರು, ದೆವ್ವ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ಅವರು. ಪಟ್ಟಣಕ್ಕೆ ವರ್ಗ ಸಿಕ್ಕರೆ ಸಾಕೆಂದು ಕಾಯುತ್ತಿದ್ದವರು ಬೇರೆ. ಶಾಲೆಗೆ ದೆವ್ವ ಹೊಕ್ಕಿದೆ, ಅಜ್ಜಾರ ಕಡೆಯಿಂದ ಮಂತ್ರಿಸಿದ ಬೂದಿಯ ಅಂಗಾರ ತನ್ನಿರೆಂದು ಊರ ಹಿರಿಯರು ಬೆನ್ನುಹತ್ತಿ ಕಳಿಸಿದ್ದರು. ಇಂದುಮತಿಯವರಿಗೆ ಬೇಕಾಗಿದ್ದುದು ಅಂಗಾರವಲ್ಲ. ಅಜ್ಜಾರ ಬಾಯಿಂದಲೇ ‘ದೆವ್ವಗಿವ್ವ ಏನೂ ಇಲ್ಲ’ ಎಂದು ಹೇಳಿಸಿಬಿಟ್ಟರೆ ಊರು ಸುಮ್ಮನಾದೀತೆಂಬುದು ಅವರ ಲೆಕ್ಕಾಚಾರ. ಹೆದರಿದ ತಾಯಂದಿರು ಮಕ್ಕಳನ್ನು ಒಂದೊಂದಾಗಿ ಶಾಲೆ ಬಿಡಿಸುತ್ತಿದ್ದರು. ಹೀಗೇ ನಡೆದರೆ ಶಾಲೆಗೆ ಬೀಗ ಬೀಳುವುದು ಖಂಡಿತವಿತ್ತು, ಆ ಬಡ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ಶಾಲೆ ಇರಲಿಲ್ಲ.

“ಏನಾಗೇತ್ರಿ ಅಕ್ಕೋರ?” ಎಂದು ಪೂಜ್ಯರು ಕೇಳಿದರು.

ಇಂದುಮತಿಯವರು ಹೇಳಿದರು. ಮುದುವಾಳದಲ್ಲಿ ಅಂದಾನೆಪ್ಪ ಮಾಸ್ತರರೆಂದು ಒಬ್ಬರಿದ್ದರು. ಬೇರೆಲ್ಲಿಗೂ ಹೋಗದೆ ಆಯುಷ್ಯವನ್ನೆಲ್ಲ ಅದೊಂದೇ ಕೋಣೆಯಲ್ಲಿ ಕಲಿಸುತ್ತ ಕಳೆದವರು. ಸಂಜೆ ಗಂಟೆಯಾದಾಗ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ತಲೆಯ ಮೇಲೂ ಕೈಯಿಟ್ಟು, “ಹೋಗಿ ಬಾ ತಮ್ಮಾ, ಹೋಗಿ ಬಾ ತಂಗಿ” ಎಂದು ಕಳಿಸುತ್ತಿದ್ದರು. ಎಲ್ಲರೂ ಹೋದ ಮೇಲೆಯೂ ಬಾಗಿಲಿನ ಒಂದು ಕದ ತೆರೆದಿಟ್ಟು, ಊರಲ್ಲಿ ದೀಪ ಹಚ್ಚುವವರೆಗೆ ಹೊಸ್ತಿಲ ಬಳಿ ಕೂಡುತ್ತಿದ್ದರು. ನಿವೃತ್ತಿಯ ನಂತರವೂ ಅದನ್ನು ಬಿಡಲಿಲ್ಲ. ಕಾರಣ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಅವರಿಗೊಂದು ಶಾಲು ಹೊದಿಸಬೇಕೆಂದು ಊರವರು ಪ್ರತಿ ವರ್ಷ ಮಾತಾಡಿಕೊಂಡರು, ಪ್ರತಿ ವರ್ಷ ಮುಂದಿನ ವರ್ಷಕ್ಕೆ ತಳ್ಳಿದರು. ಹೋದ ಸಂಕ್ರಾಂತಿಯ ಹೊತ್ತಿಗೆ ಮಾಸ್ತರರು ತೀರಿಕೊಂಡರು.

ಶಾಲೆ ಮತ್ತೆ ತೆರೆದ ಜೂನ್‌ನಿಂದ ಮಕ್ಕಳು ಸಂಜೆಯ ಗಂಟೆಗೆ ಏಳುವುದನ್ನು ಬಿಟ್ಟರು. ಮೊದಲ ದಿನ ಇಂದುಮತಿಯವರು ಕಿಡಿಗೇಡಿತನವೆಂದು ಗದರಿದರು. ಆಗ ಒಂದನೆಯ ಇಯತ್ತೆಯ ರೇಣವ್ವ ಎಂಬ ಹುಡುಗಿ ಕೂತಲ್ಲಿಂದಲೇ ಹೇಳಿದಳು, “ಸರ ಇನ್ನೂ ಬಿಟ್ಟಿಲ್ರಿ. ಒಬ್ಬಾಂವ ನೀರ ಕುಡ್ಯಾಕ ಹೋಗ್ಯಾನಂತ. ಅಂವ ಬರೂತನಕ ಯಾರೂ ಏಳಬಾರದಂತ.”

“ಯಾವ ಸರ?”

ಬೇರೆ ಊರಿನಿಂದ ಆಗಷ್ಟೇ ಅಜ್ಜಿಯ ಮನೆಗೆ ಬಂದಿದ್ದ ರೇಣವ್ವ ಅಂದಾನೆಪ್ಪ ಮಾಸ್ತರರ ಮುಖವನ್ನೇ ಕಂಡವಳಲ್ಲ. ಅವಳು ಖಾಲಿ ಕುರ್ಚಿಯತ್ತ ಬೆರಳು ತೋರಿಸಿದಳು. ಮಿಕ್ಕ ಮಕ್ಕಳ ಕಣ್ಣು ಬಾಗಿಲ ಮೇಲೆಯೇ ಇತ್ತು. ಒಬ್ಬರೂ ಅಳಲಿಲ್ಲ, ಒಬ್ಬರೂ ಪಿಟ್ಟೆನ್ನಲಿಲ್ಲ. ಕತ್ತಲಾಗುವ ಹೊತ್ತಿಗೆ ತಾಯಂದಿರು ಬಂದು ಎತ್ತಿಕೊಂಡು ಹೋಗಬೇಕಾಯಿತು. ಮಕ್ಕಳ ಕೈಗಳು ತಣ್ಣಗಿದ್ದವು, ನೆತ್ತಿಯ ಮೇಲೆ ಬೆರಳಾಡಿಸಿದಂತೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಅಂದಿನಿಂದ ದಿನವೂ ಹೀಗೇ. ಮುಂದಿನ ಸಾಲಿನಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟೇ ಮಕ್ಕಳು ಕೂಡುತ್ತಿದ್ದರು. ಎರಡೂ ಕದ ಹಾಕಿ ಬೀಗ ಜಡಿದರೂ ಬೆಳಿಗ್ಗೆ ಒಂದು ಕದ ತೆರೆದಿರುತ್ತಿತ್ತು.

“ಯಾರೋ ಬೇಕಂತ ಮಾಡಾಕತ್ತಾರ್ರಿ ಅಜ್ಜಾ. ತಾವು ಒಂದು ಮಾತು ಹೇಳಿದ್ರ ಮಂದಿ ಕೇಳತಾರ” ಎಂದು ಇಂದುಮತಿಯವರು ಮುಗಿಸಿದರು.

ಪೂಜ್ಯರು ಪಕ್ಕದ ಕಲ್ಲಿನ ಮೇಲೆ ಕೈಯಿಟ್ಟರು. ಆಮೇಲೆ, “ಆ ಬಿಟ್ಟ ಜಾಗಾ ಕಿಡಕಿ ಬಾಜೂಕ ಐತೇನ್ರಿ?” ಎಂದರು.

ಇಂದುಮತಿಯವರು ಕಿಟಕಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಬೆರಗಾಗಿ ಹೌದೆಂದು ತಲೆಯಾಡಿಸಿದರು. ಪೂಜ್ಯರು ಆ ಕಲ್ಲನ್ನು ಎತ್ತಿಕೊಂಡು ಅದರ ಮೇಲಿನ ಪತ್ರಿ ತೆಗೆದು, ಒದ್ದೆ ಬಟ್ಟೆಯಿಂದ ವಿಭೂತಿಯನ್ನೆಲ್ಲ ಒರೆಸತೊಡಗಿದರು. ಸೇವೆಯಲ್ಲಿದ್ದ ಶಿಷ್ಯ ಗದಿಗೆಯ್ಯ ತಡೆಯಲು ಮುಂದೆ ಬಂದ.

“ನಾಳೆ ಒಂದು ಗಾಡಿ ಹೇಳಪಾ. ಮುದುವಾಳಕ್ಕ ಹೋಗೂದೈತಿ” ಎಂದು ಪೂಜ್ಯರು ಅವನಿಗೆ ಹೇಳಿದರು.

“ಅಜ್ಜಾ, ಅದು ತಾವು ಹುಟ್ಟಿದೂರು! ವಿರಕ್ತರು ಹುಟ್ಟಿದೂರ ಅಗಸಿ ತುಳೀಬಾರದ್ರಿ. ಮಠದ ಹಿರೇರು ಏನಂದಾರು?”

“ನಾ ಊರಿಗೆ ಹೊಂಟಿಲ್ಲ, ಸಾಲಿಗೆ ಹೊಂಟೀನಿ” ಎಂದರು ಪೂಜ್ಯರು. “ಭಾಳ ತಡಾ ಆಗೇತಿ.”

ಮರುದಿನ ಶಾಲೆಯನ್ನು ಕಿರಿಯ ಶಿಕ್ಷಕರಿಗೆ ಒಪ್ಪಿಸಿ ಇಂದುಮತಿಯವರು ಮಠಕ್ಕೆ ಬಂದು ಪೂಜ್ಯರನ್ನು ಕರೆದುಕೊಂಡು ಹೊರಟರು. ಗಾಡಿಯಲ್ಲಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಪೂಜ್ಯರು ತಾವಾಗಿಯೇ ಹೇಳಿದರು.

“ನಮ್ಮ ಅಂದಾನೆಪ್ಪ ಸರ ಹೊಸ್ತಿಲ ಮ್ಯಾಲ ಈ ಕಲ್ಲ ಇಡತಿದ್ರು. ನೀರಿಗೆ ಹೋಗೂ ಹುಡುಗ ಇದನ್ನ ಹಿಡಕೊಂಡು ಹೋಗಬೇಕು, ಬಂದು ಅಲ್ಲೇ ಇಡಬೇಕು. ಕಲ್ಲ ಇಲ್ಲಂದ್ರ ಒಂದು ಕೂಸು ಹೊರಗ ಐತಿ ಅಂತ. ಸಣ್ಣಾಂವಿದ್ದಾಗ ಒಂದಿನ ನಾ ಬಾವಿಗೆ ಹೋದೆ. ಅಲ್ಲಿ ನಮ್ಮ ಮಠದ ಗುರುಗಳು ನೀರ ಕುಡ್ಯಾಕತ್ತಿದ್ರು. ಅವರ ಬೆನ್ನ ಹತ್ತಿ ನಡದೆ. ಊರ ದಾಟಿದ ಮ್ಯಾಲೆ ನೋಡತೀನಿ, ಕಲ್ಲ ಕೈಯಾಗ ಐತಿ.”

ಇಂದುಮತಿಯವರು ಕಿಟಕಿಯಾಚೆ ಮುಖ ತಿರುಗಿಸಿದರು. ಸಂಜೆ ಗಂಟೆ ಬಾರಿಸುವ ಮೊದಲೇ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಓಡುತ್ತಿದ್ದ ತಮ್ಮ ಎಷ್ಟೋ ದಿನಗಳು ಅವರಿಗೆ ನೆನಪಾದವು, ನಾಚಿಕೆಯಾಯಿತು.

ಶಾಲೆ ಮುಟ್ಟಿದಾಗ ಸಂಜೆಯ ಗಂಟೆ ಬಾರಿಸಿ ಸ್ವಲ್ಪ ಹೊತ್ತಾಗಿತ್ತು. ಊರವರು ಅಂಗಳದಾಚೆ ಗುಂಪುಗೂಡಿದ್ದರು, ಒಬ್ಬರಿಗೂ ಒಳಗೆ ಬರುವ ಧೈರ್ಯವಿರಲಿಲ್ಲ. ಬಿಸಿಲು ಇನ್ನೂ ಚುರುಗುಡುತ್ತಿತ್ತು, ಆದರೆ ತೆರೆದ ಕದದಿಂದ ಹಳೆಯ ಬಾವಿಯೊಳಗಿನಂಥ ತಣ್ಣನೆಯ ಗಾಳಿ ಬರುತ್ತಿತ್ತು. ಒಳಗೆ ಮಕ್ಕಳು ಮಿಸುಕದೆ ಕುಳಿತಿದ್ದರು, ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು.

ಪೂಜ್ಯರು ಆವುಗೆಗಳನ್ನು ಕಳಚಿ ಹೊಸ್ತಿಲ ಹೊರಗೆ ಕೈಕಟ್ಟಿ ನಿಂತರು. “ಒಳಗ ಬರ್ಲೇನ್ರಿ ಸರ?”

ಮಕ್ಕಳೆಲ್ಲ ಒಟ್ಟಿಗೆ ಕುರ್ಚಿಯತ್ತ ತಿರುಗಿದರು. ಯಾರದೋ ಮಾತು ಕೇಳಿಸಿಕೊಳ್ಳುವಂತೆ ಕ್ಷಣಕಾಲ ಕಾದರು. ಮತ್ತೆ ಒಟ್ಟಿಗೆ ಪೂಜ್ಯರತ್ತ ತಿರುಗಿ ಹೂಂ ಎಂದು ತಲೆಯಾಡಿಸಿದರು.

ಪೂಜ್ಯರು ಬಗ್ಗಿ ಕಲ್ಲನ್ನು ಹೊಸ್ತಿಲ ಮೇಲಿಟ್ಟರು. ಅಲ್ಲಿ ಸವೆದು ಬಿದ್ದಿದ್ದ ಸಣ್ಣ ಕುಳಿಯೊಳಗೆ ಅದು ಸರಿಯಾಗಿ ಕೂತಿತು.

“ನೀರ ಕುಡದು ಬಂದೆ, ಸರ” ಎಂದರು.

ಕಿಟಕಿಯ ಬದಿಯ ಖಾಲಿ ಜಾಗಕ್ಕೆ ಹೋಗಿ, ನೆರೆತ ಗಡ್ಡದ ಆ ಹಿರಿಯ ಜೀವ ಎರಡು ಮಕ್ಕಳ ನಡುವೆ ಕಾಲು ಮಡಚಿ ಕುಳಿತಿತು. ಕುರ್ಚಿ ಒಮ್ಮೆ ಕಿರುಗುಟ್ಟಿತು. ಬಹಳ ಹೊತ್ತು ಕುಳಿತವರು ಮೊಣಕಾಲಿಗೆ ಕೈಯೂರಿ ಎದ್ದಾಗ ಆಗುವಂಥ ಸದ್ದು ಅದು. ಮರುಗಳಿಗೆಯೇ ಮಕ್ಕಳೆಲ್ಲ ಎದ್ದು “ನಮಸ್ಕಾರ್ರೀ ಸರ” ಎಂದು ಕೂಗಿ, ಒಬ್ಬರನ್ನೊಬ್ಬರು ತಳ್ಳಾಡುತ್ತ, ಕಿರಿಚುತ್ತ ಅಂಗಳಕ್ಕೆ ಓಡಿದರು. ಆ ಗದ್ದಲ ಕೇಳಿ ಎಷ್ಟೋ ತಾಯಂದಿರು ಅತ್ತುಬಿಟ್ಟರು.

ಪೂಜ್ಯರ ಕಣ್ಣಲ್ಲಿಯೂ ನೀರಿತ್ತು. ಅವರು ಎದ್ದು ತಮ್ಮ ಕಾವಿಯ ಶಾಲನ್ನು ತೆಗೆದು ಆ ಕುರ್ಚಿಗೆ ಹೊದಿಸಿದರು, ನೆಲಕ್ಕೆ ಮೈಚಾಚಿ ದೀರ್ಘದಂಡ ನಮಸ್ಕರಿಸಿದರು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಬಂದಿದ್ದ ಹಿರಿಯರು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಹೊರಡುವಾಗ ಪೂಜ್ಯರು ಹೊಸ್ತಿಲ ಬಳಿ ಇಂದುಮತಿಯವರ ಎದುರು ಕೈಮುಗಿದರು. “ಈಗ ಈ ಸಾಲಿ ನಿಮ್ಮದ್ರಿ ಅಕ್ಕೋರ. ಹೋಗಿ ಬರ್ಲೇನ್ರಿ?”

‘ಹೋಗಿ ಬರ್ರಿ ಅಜ್ಜಾ’ ಎನ್ನಲು ಇಂದುಮತಿಯವರು ಬಾಯಿ ತೆರೆದರು. ತಮಗೇ ತಿಳಿಯದಂತೆ ಅವರ ಕೈ ಮೇಲೆದ್ದು ಪೂಜ್ಯರ ನೆತ್ತಿಯ ಮೇಲೆ ಕೂತಿತು. ಅವರ ಬಾಯಿಂದ ಬಂದದ್ದು ಮುದಿ ಗಂಡಸಿನ ಒಡಕು ದನಿ.

“ಹೋಗಿ ಬಾ, ತಮ್ಮಾ.”

ಅಂಗಳದಲ್ಲಿದ್ದ ಊರವರು ನಿಂತಲ್ಲೇ ಕೈಮುಗಿದರು. ಜಗದ್ಗುರುವಿನಂಥವರಿಗೆ ಏಕವಚನವೇ ಎಂದು ಒಬ್ಬರೂ ಕೇಳಲಿಲ್ಲ, ಏಕೆಂದರೆ ಆ ದನಿಯನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. ಪೂಜ್ಯರು ಕಣ್ಣು ಮುಚ್ಚಿ ಆ ಕೈಯ ಕೆಳಗೆ ಕೊಂಚ ಹೊತ್ತು ನಿಂತು, ಮಗುವಿನಂತೆ ನಗುತ್ತ ಗಾಡಿ ಏರಿದರು.

ಅಂದು ಹಾಕಿದ ಕದ ಮತ್ತೆ ತಾನಾಗಿ ತೆರೆಯಲಿಲ್ಲ. ಬಿಟ್ಟುಹೋದ ಮಕ್ಕಳು ಮರಳಿ ಬಂದರು. ಮುಂದೆ ಪಟ್ಟಣಕ್ಕೆ ವರ್ಗ ತಾನಾಗಿಯೇ ಬಂದರೂ ಇಂದುಮತಿಯವರು ಬೇಡವೆಂದರು, ನಿವೃತ್ತಿಯವರೆಗೂ ಮುದುವಾಳದಲ್ಲಿಯೇ ಉಳಿದರು. ಆ ಮಹಿಮೆಯ ಬಗ್ಗೆ ಯಾರಾದರೂ ಕೇಳಿದರೆ ಅವರು ಮಾತು ಬೆಳೆಸುತ್ತಿರಲಿಲ್ಲ. ಆದರೆ ಹೊಸ್ತಿಲ ಮೇಲೆ ಕಲ್ಲು ಕಾಣದಿದ್ದಾಗ, ತಪಾಸಣೆಗೆ ಬಂದ ಸಾಹೇಬರು ಎದುರಿಗೇ ನಿಂತಿದ್ದರೂ, ಅವರ ಕಣ್ಣು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.