ಬೇರಿಯಂನ ಎರಡನೆಯ ಹೆಸರು

"ಗುರುಗಳೇ, ಸಲ್ಫೇಟ್ ಬೇರೆ, ಸಲ್ಫೈಟ್ ಬೇರೆ, ಕಾರ್ಬೊನೇಟ್ ಬೇರೆ ಎಂದು ಬಾಯಿಪಾಠ ಮಾಡಿ ಯಾರು ಏನನ್ನು ಪಡೆದಿದ್ದಾರೆ?"

ಕೇಳಿದವನು ಪದ್ಮರಾಜ ಎಂಬ ಶಿಷ್ಯ. ಪುಸ್ತಕವನ್ನು ಮುಚ್ಚಿಟ್ಟು, ಕುಳಿತಲ್ಲಿಂದಲೇ ಕೇಳಿದ.

ಗುರುಗಳು ಅವನನ್ನು ಎದ್ದು ನಿಲ್ಲು ಎನ್ನಲಿಲ್ಲ. "ನಿನಗೆ ಏನನ್ನಿಸುತ್ತದೆ?" ಎಂದರು.

"ಸೋಡಿಯಂ ಎಂದರೆ ಸೋಡಿಯಂ, ಬೇರಿಯಂ ಎಂದರೆ ಬೇರಿಯಂ. ವಸ್ತು ಯಾವುದು ಎಂಬುದನ್ನು ಮೊದಲ ಹೆಸರೇ ಹೇಳುತ್ತದೆ. ಹಿಂದೆ ಬರುವುದು ಬರೀ ಬಾಲ. ಆ ಬಾಲವನ್ನು ನಾನು ಕಲಿಯುವುದಿಲ್ಲ. ಹೊಡೆದರೂ ಕಲಿಯುವುದಿಲ್ಲ."

"ಹೊಡೆಯುವುದಿಲ್ಲ. ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೂ ಬೇಡ ಎನ್ನಿಸಿದರೆ ಕಲಿಯಬೇಡ," ಎಂದು ಗುರುಗಳು ಹೇಳತೊಡಗಿದರು.

ಹೊಳೆಯೊಂದು ಕಡಲನ್ನು ಸೇರುವಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಹೆಂಚಿನ ಕಾರ್ಖಾನೆಯ ಧಣಿಯೊಬ್ಬನಿದ್ದ. ಮಣ್ಣನ್ನು ಮುಟ್ಟಿದರೆ ಸಾಕು, ಅದು ಯಾವ ಗದ್ದೆಯದು ಎಂದು ಹೇಳಬಲ್ಲವನು. ಊರಿಗೆ ಒಂದು ಆಸ್ಪತ್ರೆ ಬೇಕು ಎಂದು ಸ್ವಂತ ಖರ್ಚಿನಲ್ಲಿ ಕಟ್ಟಿಸಿದ. ಎಕ್ಸ್-ರೇ ಯಂತ್ರ ತರಿಸಿದ. ಒಬ್ಬ ವೈದ್ಯೆಯನ್ನು ಕರೆಸಿ ನೇಮಿಸಿದ. ಬಡವರು ಅವನ ಹೆಸರು ಹೇಳಿ ಕೈಮುಗಿಯುತ್ತಿದ್ದರು. ಅವನು ಕೆಟ್ಟವನಲ್ಲ. ಆದರೆ ಬೇಡ ಎಂಬ ಮಾತನ್ನು ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಒಂದು ಮಳೆಗಾಲದಲ್ಲಿ ಅವನ ತಾಯಿಗೆ ನುಂಗುವುದು ಕಷ್ಟವಾಯಿತು. ಮೊದಲು ಅನ್ನ ಇಳಿಯದಾಯಿತು. ಆಮೇಲೆ ಗಂಜಿಯೂ ಎದೆಯಲ್ಲಿ ನಿಲ್ಲತೊಡಗಿತು. ಧಣಿ ತಾಯಿಯನ್ನು ಆಸ್ಪತ್ರೆಗೆ ಕರೆತಂದ.

ವೈದ್ಯೆ ನೋಡಿ ಹೇಳಿದಳು: "ಅನ್ನನಾಳ ಎಲ್ಲೋ ಕಿರಿದಾಗಿದೆ. ಎಲ್ಲಿ ಎಂದು ತಿಳಿಯಲು ಬೇರಿಯಂ ಸಲ್ಫೇಟ್ ಕುಡಿಸಿ ಎಕ್ಸ್-ರೇ ತೆಗೆಯಬೇಕು. ನಮ್ಮಲ್ಲಿದ್ದದ್ದು ಮುಗಿದಿದೆ. ತರಿಸಬೇಕು."

ಬೇರಿಯಂ ಸಲ್ಫೇಟ್ ಒಂದು ಬಿಳಿಯ ಪುಡಿ. ನೀರಿನಲ್ಲಿ ಕದಡಿ ಕುಡಿಸಿದರೆ ಅದು ಇಳಿಯುವ ದಾರಿಯೆಲ್ಲ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ಹೋದ ಹಾಗೆಯೇ ಹೊರಗೆ ಬರುತ್ತದೆ.

ಪೇಟೆಗೆ ಹೇಳಿಕಳುಹಿಸಿದರು. ಅಷ್ಟರಲ್ಲಿ ಹೊಳೆ ಉಕ್ಕಿತು. ದೋಣಿ ನಿಂತಿತು. ಪೊಟ್ಟಣ ಆಚೆ ದಡದಲ್ಲಿ ಉಳಿಯಿತು. ವೈದ್ಯೆ ಮುದುಕಿಯ ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿ, "ಕಾಯೋಣ. ಇದರಿಂದ ತಡೆಯುತ್ತಾರೆ," ಎಂದಳು.

ಮಗನಿಗೆ ಕಾಯಲು ಆಗಲಿಲ್ಲ. ತಾಯಿ ಬಟ್ಟಲನ್ನು ಬಾಯಿಯ ಹತ್ತಿರ ತಂದು ಹಾಗೆಯೇ ಕೆಳಗಿಡುವುದನ್ನು ಅವನು ದಿನವೂ ನೋಡುತ್ತಿದ್ದ. ಒಂದು ಬೆಳಿಗ್ಗೆ ಅವನಿಗೆ ತನ್ನ ಕಾರ್ಖಾನೆಯ ಉಗ್ರಾಣ ನೆನಪಾಯಿತು. ಸುಟ್ಟ ಹೆಂಚಿನ ಮೇಲೆ ಬಿಳಿ ಉಪ್ಪು ಏಳದಿರಲಿ ಎಂದು ಜೇಡಿಮಣ್ಣಿಗೆ ಬೆರೆಸುವ ಒಂದು ಪುಡಿ ಅಲ್ಲಿತ್ತು. ಅದೂ ಬಿಳಿ. ಅದರ ಹೆಸರು ಬೇರಿಯಂ ಕಾರ್ಬೊನೇಟ್.

ಅವನು ಒಂದು ಡಬ್ಬಿಯಲ್ಲಿ ಆ ಪುಡಿಯನ್ನು ತುಂಬಿಕೊಂಡು ಆಸ್ಪತ್ರೆಗೆ ಬಂದ. ಕಾಂಪೌಂಡರನಿಂದ ಒಂದು ಲೋಟದಲ್ಲಿ ಕದಡಿಸಿದ. ವೈದ್ಯೆ ಒಳಗೆ ಬಂದಾಗ ಲೋಟ ಮುದುಕಿಯ ಕೈಯ ಸಮೀಪದಲ್ಲಿತ್ತು.

ವೈದ್ಯೆ ಡಬ್ಬಿಯ ಮೇಲಿನ ಹೆಸರನ್ನು ಓದಿದಳು. ಲೋಟವನ್ನು ಎತ್ತಿಕೊಂಡಳು.

"ಇದನ್ನು ಕುಡಿಸುವಂತಿಲ್ಲ."

"ಬೇರಿಯಂ ಬೇಕು ಎಂದವರು ನೀವೇ ಅಲ್ಲವೇ, ಡಾಕ್ಟ್ರಮ್ಮ?"

"ಬೇರಿಯಂ ಸಲ್ಫೇಟ್ ಎಂದಿದ್ದೆ. ಇದು ಕಾರ್ಬೊನೇಟ್."

ಧಣಿ ನಕ್ಕ. "ಅದೂ ಬಿಳಿ, ಇದೂ ಬಿಳಿ. ಅದೂ ನೀರಿನಲ್ಲಿ ಕರಗುವುದಿಲ್ಲ, ಇದೂ ಕರಗುವುದಿಲ್ಲ. ಲೋಟದ ತಳ ನೋಡಿ. ಎಲ್ಲ ಹಾಗೇ ಕುಳಿತಿದೆ."

ಅವನು ಹೇಳಿದ್ದು ಸುಳ್ಳಲ್ಲ. ಪುಡಿ ತಳದಲ್ಲಿ ಹಾಗೆಯೇ ಕುಳಿತಿತ್ತು.

ಇಲ್ಲಿ ಗುರುಗಳು ಕತೆಯನ್ನು ನಿಲ್ಲಿಸಿ ಶಿಷ್ಯನಿಗೆ ಹೇಳಿದರು: "ಒಂದು ಗಂಧಕ, ಅದಕ್ಕೆ ಅಂಟಿಕೊಂಡ ನಾಲ್ಕು ಆಮ್ಲಜನಕ. ಐದೂ ಸೇರಿ ಒಂದೇ ಗುಂಪು. ಎಲ್ಲಿಗೆ ಹೋದರೂ ಒಟ್ಟಿಗೇ ಹೋಗುತ್ತವೆ. ಗುಂಪಿಗೆಲ್ಲ ಸೇರಿ ಎರಡು ಋಣ ಆವೇಶ. ಅದಕ್ಕೆ ಸಲ್ಫೇಟ್ ಎಂದು ಹೆಸರು. ಒಂದು ಆಮ್ಲಜನಕ ಕಡಿಮೆಯಾದರೆ ಅದೇ ಸಲ್ಫೈಟ್. ಒಂದು ಇಂಗಾಲ, ಮೂರು ಆಮ್ಲಜನಕ ಸೇರಿದ ಇನ್ನೊಂದು ಗುಂಪಿದೆ. ಅದಕ್ಕೂ ಎರಡು ಋಣ ಆವೇಶ. ಅದು ಕಾರ್ಬೊನೇಟ್. ಬೇರಿಯಂಗೆ ಎರಡು ಧನ ಆವೇಶ. ಅದು ಈ ಗುಂಪಿನ ಜೊತೆಗೂ ಕೂಡುತ್ತದೆ, ಆ ಗುಂಪಿನ ಜೊತೆಗೂ ಕೂಡುತ್ತದೆ. ಲೆಕ್ಕ ಎರಡರಲ್ಲೂ ಸರಿಹೋಗುತ್ತದೆ. ಆದರೆ ಆಮ್ಲ ಸೋಕಿದರೆ ಕಾರ್ಬೊನೇಟ್ ಒಡೆಯುತ್ತದೆ, ಅನಿಲವಾಗಿ ಹಾರಿಹೋಗುತ್ತದೆ. ಬೇರಿಯಂ ಒಂಟಿಯಾಗಿ ನೀರಿಗಿಳಿಯುತ್ತದೆ. ಒಂಟಿ ಬೇರಿಯಂ ರಕ್ತ ಸೇರಿದರೆ ವಿಷ. ನಮ್ಮ ಜಠರದಲ್ಲಿ ಇರುವುದು ಆಮ್ಲವೇ."

ಗುರುಗಳು ಮುಂದುವರಿಸಿದರು.

ವೈದ್ಯೆ ಧಣಿಗೆ ತಿಳಿಯುವ ಹಾಗೆ ಹೇಳಲು ನೋಡಿದಳು. "ಧಣಿಗಳೇ, ಈ ಪುಡಿ ನಿಮ್ಮ ಮಣ್ಣಿನಲ್ಲಿ ಏನು ಮಾಡುತ್ತದೆ?"

"ಬಿಳಿ ಉಪ್ಪನ್ನು ಕಟ್ಟಿಹಾಕುತ್ತದೆ."

"ಆ ಬಿಳಿ ಉಪ್ಪು ಸಲ್ಫೇಟ್. ಬೇರಿಯಂ ಅದನ್ನು ಹಿಡಿಯಬೇಕಾದರೆ ಮೊದಲು ಕಾರ್ಬೊನೇಟನ್ನು ಬಿಡಬೇಕು. ನಿಮ್ಮ ಮಣ್ಣಿನಲ್ಲಿ ಬಿಡುವುದು ನಿಮ್ಮ ತಾಯಿಯ ಹೊಟ್ಟೆಯಲ್ಲಿ ಬಿಡದೇ ಇರುತ್ತದೆಯೇ?"

ಧಣಿಯ ಮುಖ ಕೆಂಪಾಯಿತು. ತನ್ನ ಮಣ್ಣಿನ ಪಾಠವನ್ನು ತನಗೇ ಹೇಳಿದವರನ್ನು ಅವನು ಈವರೆಗೆ ಕಂಡಿರಲಿಲ್ಲ. "ಲೋಟ ಕೊಡಿ," ಎಂದ.

"ಕೊಡುವುದಿಲ್ಲ."

"ಈ ಆಸ್ಪತ್ರೆಯ ಒಂದೊಂದು ಹೆಂಚೂ ನನ್ನದು."

"ಹೆಂಚು ನಿಮ್ಮದು, ಧಣಿಗಳೇ. ಅದರ ಕೆಳಗೆ ಮಲಗಿದವರು ನನ್ನವರು."

"ಹೊಳೆ ಇಳಿದ ದಿನ ನೀವು ಊರು ಬಿಡಬೇಕಾಗುತ್ತದೆ."

"ಬಿಡುತ್ತೇನೆ. ಇಂದು ಇಲ್ಲೇ ಇದ್ದೇನೆ. ಇಂದು ಇದನ್ನು ಯಾರೂ ಕುಡಿಯುವುದಿಲ್ಲ."

ಅವಳು ಎಲ್ಲರ ಎದುರಿನಲ್ಲೇ ಲೋಟವನ್ನು ನೆಲಕ್ಕೆ ಸುರಿದುಬಿಟ್ಟಳು.

ಆಗ ಧಣಿ ಯಾರೂ ಎಣಿಸದ ಕೆಲಸವೊಂದನ್ನು ಮಾಡಿದ. ಡಬ್ಬಿಯಿಂದ ಒಂದು ಚಮಚ ಪುಡಿ ತೆಗೆದ. ಬಾಯಿಗೆ ಹಾಕಿಕೊಂಡ. ಮೇಲೆ ನೀರು ಕುಡಿದ. ವೈದ್ಯೆ ಅವನ ಕೈಹಿಡಿಯುವ ಮೊದಲೇ ಎಲ್ಲ ಮುಗಿದಿತ್ತು.

"ವಿಷವಾದರೆ ನಾನು ಸಾಯಬೇಕಲ್ಲ?" ಎಂದು ಅವನು ಕುರ್ಚಿ ಎಳೆದು ಕುಳಿತ. "ನಾನು ಸಾಯದಿದ್ದರೆ ಅಮ್ಮನಿಗೆ ಕುಡಿಸುತ್ತೀರಿ."

ವೈದ್ಯೆ ವಾದಕ್ಕೆ ನಿಲ್ಲಲಿಲ್ಲ. ಔಷಧಿಯ ಕೋಣೆಗೆ ಓಡಿದಳು. ಅಲ್ಲಿ ಭೇದಿಗೆ ಕೊಡುವ ಎಪ್ಸಂ ಉಪ್ಪಿತ್ತು. ಅದು ಮೆಗ್ನೀಸಿಯಂ ಸಲ್ಫೇಟ್. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅದನ್ನು ಕರಗಿಸಿ ತಂದು ಅವನ ಮುಂದೆ ಹಿಡಿದಳು.

"ಕುಡಿಯಿರಿ."

"ಏಕೆ ಕುಡಿಯಬೇಕು? ನನಗೆ ಏನೂ ಆಗಿಲ್ಲ."

ಏನೂ ಆಗಿರಲಿಲ್ಲ, ನಿಜ. ಅವನು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಕಾರ್ಖಾನೆಯ ಸುದ್ದಿ ಮಾತನಾಡಿದ. ಸ್ವಲ್ಪ ಹೊತ್ತಿನ ಮೇಲೆ ಮಾತು ನಿಂತಿತು. ಅವನು ತುಟಿಯನ್ನು ಮುಟ್ಟಿ ನೋಡಿಕೊಂಡ. ತುಟಿಯ ಸುತ್ತ ಜೋಮು ಹಿಡಿದಿತ್ತು. ಹೊಟ್ಟೆ ಹಿಂಡಿತು. ವಾಂತಿಯಾಯಿತು. ಏಳಲು ಹೋದ. ಕಾಲು ಅವನ ಮಾತನ್ನು ಕೇಳಲಿಲ್ಲ. ಆಗಲೂ ಅವನು ವೈದ್ಯೆಯ ಕೈಯನ್ನು ತಳ್ಳಿದ. ಸಾವಿಗಿಂತ ಸೋಲು ಅವನಿಗೆ ದೊಡ್ಡದಾಗಿತ್ತು.

ಮಂಚದ ಮೇಲಿದ್ದ ತಾಯಿ ಕೈಯೂರಿ ಎದ್ದು ಕುಳಿತಳು. ಅವಳ ದನಿ ತೀರ ಸಣ್ಣದಾಗಿತ್ತು.

"ಮಗಾ, ನನ್ನ ಗಂಟಲಿನಲ್ಲಿ ಏನೂ ಇಳಿಯುವುದಿಲ್ಲ. ನಿನ್ನ ಗಂಟಲಿನಲ್ಲಿ ಇಳಿಯುತ್ತದೆ. ಕುಡಿ."

ಅವನು ಕುಡಿದ.

ವೈದ್ಯೆ ಅವನ ಬಳಿಯಿಂದ ಏಳಲಿಲ್ಲ. ಉಪ್ಪಿನ ನೀರನ್ನು ಮತ್ತೆ ಕೊಟ್ಟಳು. ನಾಡಿಯನ್ನು ಹಿಡಿದೇ ಕುಳಿತಳು. ರಕ್ತಕ್ಕೆ ಸೇರಿಹೋದ ವಿಷಕ್ಕೆ ಬೇರೆ ಔಷಧಿಯನ್ನು ಸೂಜಿಯಿಂದ ಏರಿಸಿದಳು. ಸಂಜೆಯ ಹೊತ್ತಿಗೆ ನಾಡಿ ಹದಕ್ಕೆ ಬಂದಿತು. ಕಾಲಿಗೆ ಬಲ ಬರಲು ಮಾತ್ರ ಇನ್ನೂ ಕೆಲವು ದಿನ ಹಿಡಿಯಿತು. ಅಲ್ಲಿಯವರೆಗೆ ಊರಿನ ಧಣಿ ತಾನು ಕಟ್ಟಿಸಿದ ಆಸ್ಪತ್ರೆಯ ಹಾಸಿಗೆಯಲ್ಲಿ, ತಾಯಿಯ ಪಕ್ಕದಲ್ಲೇ ಮಲಗಿದ್ದ.

ಒಂದು ದಿನ ಅವನೇ ಕೇಳಿದ. "ನನ್ನ ಹೊಟ್ಟೆಯಲ್ಲಿ ಏನಾಯಿತು, ಡಾಕ್ಟ್ರಮ್ಮ?"

"ಬೇರಿಯಂ ಕಾರ್ಬೊನೇಟನ್ನು ಬಿಟ್ಟಿತು. ನಾನು ಕೊಟ್ಟ ಉಪ್ಪಿನ ಸಲ್ಫೇಟನ್ನು ಹಿಡಿಯಿತು. ಹಿಡಿದ ಮೇಲೆ ಬಿಡಲಿಲ್ಲ. ಹೊರಗೆ ಹೋಯಿತು."

"ಎಂದರೆ ಕೊನೆಗೆ ನನ್ನ ಹೊಟ್ಟೆಯಲ್ಲಿ ಉಂಟಾದದ್ದು..."

"ಬೇರಿಯಂ ಸಲ್ಫೇಟೇ."

ಅವನು "ಊರು ಬಿಡಬೇಡಿ," ಎಂದ.

ವೈದ್ಯೆ ಕೃತಜ್ಞತೆಯ ಮಾತಾಡಲಿಲ್ಲ. "ಬಿಡುವುದಿಲ್ಲ. ಆದರೆ ಇನ್ನು ಮುಂದೆ ಇಲ್ಲಿ ಔಷಧಿಯ ಮಾತು ಬಂದಾಗ ನೀವು ಹೊರಗೆ ಕುಳಿತುಕೊಳ್ಳಬೇಕು. ಒಪ್ಪಿಗೆಯೇ?"

ಹೊಳೆ ಇಳಿಯಿತು. ಪೊಟ್ಟಣ ಬಂದಿತು. ಅಂದು ಅವನು ಗೋಡೆ ಹಿಡಿದುಕೊಂಡು ನಡೆದು, ತಾನಾಗಿಯೇ ಹೊರಗಿನ ಬೆಂಚಿನ ಮೇಲೆ ಕುಳಿತ. ಒಳಗೆ ವೈದ್ಯೆ ಪೊಟ್ಟಣದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಕೊನೆಯ ಅಕ್ಷರದವರೆಗೆ ಓದಿದಳು. ಆಮೇಲೆ ಕದಡಿ ಮುದುಕಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಅನ್ನನಾಳ ಕಿರಿದಾದ ಜಾಗ ಚಿತ್ರದಲ್ಲಿ ಕಂಡಿತು. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಹಿಗ್ಗಿಸಿದರು. ತಾಯಿ ಮನೆಗೆ ಬಂದು ಕುಚ್ಚಲಕ್ಕಿಯ ಗಂಜಿ ಉಂಡಳು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡಳು.

ಗುರುಗಳು ಕತೆ ಮುಗಿಸಿದರು.

ಪದ್ಮರಾಜ ಇನ್ನೂ ಬಗ್ಗಿರಲಿಲ್ಲ. "ಆ ಧಣಿ ಏನೂ ತಿಳಿಯದ ಮೂರ್ಖ, ಗುರುಗಳೇ. ಅವನ ಕತೆ ನನಗೆ ಹೇಗೆ ಹೊಂದುತ್ತದೆ?" ಎಂದ.

"ಏನೂ ತಿಳಿಯದವನು ಹೆದರಿ ಆ ಪುಡಿಯನ್ನು ಮುಟ್ಟುತ್ತಲೇ ಇರಲಿಲ್ಲ, ಅವನಿಗೆ ಅರ್ಧ ಹೆಸರು ತಿಳಿದಿತ್ತು," ಎಂದರು ಗುರುಗಳು.

ಶಿಷ್ಯ ಮುಚ್ಚಿಟ್ಟಿದ್ದ ಪುಸ್ತಕವನ್ನು ತೆರೆದ.