ಗಡಿಯಾರದಜ್ಜನ ಬಾಗಿಲಲ್ಲಿ ಓಬಣ್ಣ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೂ ಹೇಳುತ್ತೇನೆ. ಈ ಕತೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ನನ್ನಿಂದಾಗದು. ಚಳ್ಳಕೆರೆಯಲ್ಲಿ ಬೋರಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಓಬಣ್ಣ ಅಂತ ಒಬ್ಬನೇ ಮಗ. ಮೂವತ್ತು ತುಂಬಿದ ಗಟ್ಟಿ ಆಳು. ಒಂದೇ ಸಲಕ್ಕೆ ಎರಡು ಮೂಟೆ ಹೊರುವವನು. ಆದರೆ ಒಲೆ ಮೇಲೆ ಹಾಲಿದೆ, ನೋಡ್ತಾ ಇರು ಅಂದರೆ, ಅದು ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುವವನು. ಹೇಳಿದ್ದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಬೈದು ಬೈದು ಬೋರಮ್ಮನ ನಾಲಿಗೆ ಸವೆದಿತ್ತು.

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಅನ್ನುತ್ತಾರಲ್ಲ, ಕೋಶ ಓದಿಸಲು ಹೋಗಿ ಮೂವರು ಮೇಷ್ಟರು ಸೋತಿದ್ದರು. ಉಳಿದದ್ದು ದೇಶ ಒಂದೇ. ಅದಕ್ಕೆ ಸರಿಯಾಗಿ ಓಬಣ್ಣನ ಗೆಳೆಯ ಪಾಲಾಕ್ಷ ಬೆನ್ನಿಗೆ ಚೀಲ ಹಾಕಿಕೊಂಡು ಹನ್ನೆರಡು ದಿನ ಜಪಾನಿನ ಊರೂರು ಸುತ್ತಲು ಹೊರಟಿದ್ದ. ಬೋರಮ್ಮ ಅವನ ಅಂಗಡಿಗೇ ಹೋದಳು. "ಪಾಲಾಕ್ಷಿ, ಇವನ್ನೂ ಕರ್ಕಂಡು ಹೋಗಪ್ಪ. ನಾಕು ಊರು ನೋಡಿದ್ರೆ ನಾಕು ಕಾಳಷ್ಟಾದ್ರೂ ಬುದ್ಧಿ ಬಂದೀತು," ಅಂದಳು. ಟಿಕೆಟ್ಟು ಹೇಗೆ ಹೊಂದಿಸಿದಳು ಅನ್ನುವುದು ಬೇರೆ ಕತೆ, ಅದು ಇವತ್ತು ಬೇಡ.

ಪಾಲಾಕ್ಷ ಸುಮ್ಮನೆ ಸುತ್ತಲು ಹೊರಟವನಲ್ಲ. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಆ ಅಂಗಡಿಯಲ್ಲಿ ಒಂದು ಹಳೆಯ ಜಪಾನಿ ಜೇಬುಗಡಿಯಾರ ಇಪ್ಪತ್ತು ವರ್ಷದಿಂದ ನಿಂತೇ ಇತ್ತು. ಅದರ ಬೆನ್ನು ಬಿಚ್ಚುವುದು ಅಪ್ಪನಿಗೂ ಆಗಿರಲಿಲ್ಲ, ಮಗನಿಗೂ ಆಗಿರಲಿಲ್ಲ. ಅಷ್ಟಾದರೂ ಅಪ್ಪ ಗಿರಾಕಿಗಳ ಎದುರಿಗೆ, "ಇವನು ಸೆಲ್ ಹಾಕೋನು, ರಿಪೇರಿ ಮಾಡೋನಲ್ಲ," ಅನ್ನುತ್ತಿದ್ದ. ಆ ಮಾತು ಪಾಲಾಕ್ಷನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹುಡುಕಿ ಹುಡುಕಿ ಕ್ಯೋಟೊದಲ್ಲಿರುವ ಮೊರಿಟ ಅನ್ನುವ ಗಡಿಯಾರದಜ್ಜನಿಗೆ ಕಾಗದ ಬರೆದ. ಅಜ್ಜನಿಂದ ಉತ್ತರ ಬಂತು: ಮಂಗಳವಾರ ಮೂರು ಗಂಟೆಗೆ ಬಾ, ಮೂರೂವರೆಯ ತನಕ ನಿನಗೆ ಸಮಯ, ಬಿಚ್ಚುವುದನ್ನು ತೋರಿಸುತ್ತೇನೆ. ಆ ಅರ್ಧ ಗಂಟೆಗಾಗಿ ಪಾಲಾಕ್ಷ ಸಮುದ್ರ ದಾಟಿದ್ದು. ಗಡಿಯಾರವನ್ನು ಮಾತ್ರ ಓಬಣ್ಣನ ಚೀಲದಲ್ಲೇ ಇಟ್ಟ. ಹಿಡಿ ಅಂದದ್ದನ್ನು ಬಿಡುವ ಪೈಕಿಯಲ್ಲ ಓಬಣ್ಣ, ಅಷ್ಟು ನಂಬಿಕೆ ಅವನ ಮೇಲಿತ್ತು.

ಮೊದಲು ಟೋಕಿಯೊ. ಲಾಡ್ಜಿಗೆ ಕಾಲಿಟ್ಟದ್ದೇ ತಡ, ಓಬಣ್ಣ ಶೂ ಸಮೇತ ಚಾಪೆಯ ಮೇಲೆ ನಡೆದ. ಲಾಡ್ಜಿನ ಹೆಂಗಸು ಎದೆ ಮೇಲೆ ಕೈ ಇಟ್ಟುಕೊಂಡಳು. ಪಾಲಾಕ್ಷ ಅವನನ್ನು ಕೆಳಗಿಳಿಸಿ ಬುದ್ಧಿ ಹೇಳಿದ: ಈ ದೇಶದಲ್ಲಿ ನೆಲ ಒಂದು ಮೆಟ್ಟಿಲು ಎತ್ತರ ಆಯ್ತೋ, ಶೂ ಕೆಳಗೆ ಬಿಟ್ಟೇ ಹತ್ತಬೇಕು, ಮರೀಬೇಡ.

ಓಬಣ್ಣ ಮರೆಯಲಿಲ್ಲ. ಮಾರನೆಯ ದಿನ ಸ್ಟೇಷನ್ನಿಗೆ ಹೋದರು. ರೈಲು ಬಂತು. ರೈಲಿನ ನೆಲ ಪ್ಲಾಟ್‌ಫಾರ್ಮಿಗಿಂತ ಒಂದಿಷ್ಟು ಎತ್ತರ. ಓಬಣ್ಣ ಶೂ ಬಿಚ್ಚಿದ, ಜೋಡಿಯಾಗಿ ಇಟ್ಟ, ಹತ್ತಿದ. ರೈಲು ಹೊರಟಿತು. ಎರಡು ಸ್ಟೇಷನ್ ಕಳೆದ ಮೇಲೆ, "ಪಾಲಾಕ್ಷಿ, ಇಳಿಯೋ ಊರಲ್ಲಿ ನಮ್ಮ ಶೂ ತಂದು ಕೊಡೋರು ಯಾರೋ?" ಅಂತ ಡಬ್ಬಿಗೆಲ್ಲ ಕೇಳುವ ಹಾಗೆ ಕೂಗಿದ. ಪಿಸುಮಾತೂ ಇಲ್ಲದ ಡಬ್ಬಿ ಅದು. ಪೇಪರು ಓದುತ್ತಿದ್ದವರೆಲ್ಲ ತಲೆ ಎತ್ತಿ ಅವನ ಕಾಲುಚೀಲ ನೋಡಿದರು. ಹಿಂದಕ್ಕೆ ಹೋದಾಗ ಶೂ ಅಲ್ಲೇ ಇತ್ತು, ಯಾರೋ ಪುಣ್ಯಾತ್ಮರು ಗೋಡೆ ಬದಿಗೆ ಸರಿಸಿಟ್ಟಿದ್ದರು. ಪಾಲಾಕ್ಷನಿಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಗಿತ್ತು. ಹತ್ತು ಜನ ಸಾಲಾಗಿ ಕೂತಿರೋ ಕಡೆ ಏನೇ ಆಗಲಿ ಬಾಯಿ ಮುಚ್ಚಿಕೊಂಡಿರಬೇಕು, ಎದ್ದು ಬರೋ ತನಕ ಬಾಯಿ ತೆಗೀಬೇಡ ಅಂತ ತಾಕೀತು ಮಾಡಿದ.

ಒಸಾಕಾದಲ್ಲಿ ನೂಡಲ್ಸಿನ ಅಂಗಡಿ. ಅಡ್ಡಹಲಗೆಯ ಮುಂದೆ ಹತ್ತು ಜನ ಸಾಲಾಗಿ ಕೂತಿದ್ದರು. ಓಬಣ್ಣನೂ ಕೂತ, ತುಟಿ ಬಿಗಿ ಹಿಡಿದ. ಬಟ್ಟಲು ಬಂತು, ಹಬೆ ಆರಿತು, ನೂಡಲ್ಸು ಉಬ್ಬಿತು, ಅವನು ಬಾಯಿ ತೆಗೆಯಲಿಲ್ಲ. ಹಸಿವಿಗೆ ಕಣ್ಣಲ್ಲಿ ನೀರು ಬಂತು, ಆದರೂ ತೆಗೆಯಲಿಲ್ಲ. ಅಡುಗೆಯ ಮುದುಕಿ ತನ್ನ ಕೈರುಚಿಯೇ ಕೆಟ್ಟಿತೆಂದು ನೊಂದುಕೊಂಡು ಇನ್ನೊಂದು ಬಟ್ಟಲು ತಂದಿಟ್ಟಳು. ಅದಕ್ಕೂ ಅದೇ ಗತಿ. ಹೊರಗೆ ಬಂದ ಮೇಲೆ ಪಾಲಾಕ್ಷ, "ಅಲ್ಲೋ, ಆಯಮ್ಮನ ಮನಸ್ಸು ನೋಯಿಸಿಬಿಟ್ಟೆಯಲ್ಲೋ. ಈ ದೇಶದಲ್ಲಿ ಮನಸ್ಸಿಗೆ ಹಿಡಿಸಿದರೆ ಸೊರ್ ಅಂತ ಸದ್ದು ಮಾಡಬೇಕು. ಎಷ್ಟು ಜೋರೋ ಅಷ್ಟು ಮರ್ಯಾದೆ," ಅಂದ. ಓಬಣ್ಣ ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಕ್ಯೋಟೊ. ಮೂರು ಗಂಟೆಗೆ ಇನ್ನೂ ಹೊತ್ತಿದೆ ಅಂತ ಒಂದು ದೇವಸ್ಥಾನಕ್ಕೆ ಹೋದರು. ಅಂಗಳದಲ್ಲಿ ಬಿಳಿ ಜಲ್ಲಿ ಹಾಸಿ, ನಾಲ್ಕಾರು ಬಂಡೆ ಇಟ್ಟಿದ್ದರು. ಜನ ಕಟ್ಟೆಯ ಮೇಲೆ ಕೂತು ಉಸಿರೂ ಕೇಳಿಸದ ಹಾಗೆ ಅದನ್ನೇ ನೋಡುತ್ತಿದ್ದರು. ಬಂಡೆ ಅಂದರೆ ಓಬಣ್ಣನಿಗೆ ಊರಿನ ನೆನಪು. ಮನಸ್ಸಿಗೆ ಬಹಳ ಹಿಡಿಸಿತು. ಉಸಿರೆಳೆದು, ದೇವಸ್ಥಾನದ ಮಾಡು ಮಾರ್ದನಿಸುವ ಹಾಗೆ ಸೊರ್‍ರ್‍ರ್ ಅಂದ. ಧ್ಯಾನಕ್ಕೆ ಕೂತಿದ್ದ ಸನ್ಯಾಸಿ ಕಣ್ಣು ಬಿಟ್ಟ.

ಪಾಲಾಕ್ಷ ಅವನ ರಟ್ಟೆ ಹಿಡಿದು ಬೀದಿಗೆ ಎಳೆದು ತಂದ. ಅವನಿಗೆ ಕೋಪಕ್ಕಿಂತ ಭಯ ಹೆಚ್ಚಾಗಿತ್ತು. ಇನ್ನೆರಡು ತಾಸು ಕಳೆದರೆ ಅಜ್ಜನ ಮುಂದೆ ನಿಲ್ಲಬೇಕು. ನಿಂತು ಸಮಾಧಾನವಾಗಿಯೇ ಹೇಳಿದ. "ಓಬಣ್ಣ, ಇವತ್ತು ನನ್ನ ಮಾತು ಕೇಳಲೇ ಬೇಡ. ನಾನು ಏನೇ ಹೇಳಲಿ, ಮಾಡಬೇಡ. ನಿನ್ನ ಮುಂದೆ ಇರೋರು ಏನು ಮಾಡ್ತಾರೋ ಅದನ್ನ ಮಾಡು. ಅವರು ನಿಲ್ಲಿಸಿದಾಗ ನಿಲ್ಲಿಸು. ಅಷ್ಟೇ."

ಆಶ್ಚರ್ಯ ನೋಡಿ, ಅದು ಫಲಿಸಿತು. ಮುಂದಿನವರು ಸಿಗ್ನಲ್ಲಿನಲ್ಲಿ ನಿಂತರೆ ನಿಂತ, ನಡೆದರೆ ನಡೆದ. ಬಸ್ಸಿನಲ್ಲಿ ಮುಂದಿನವರ ಹಾಗೇ ಚೀಲ ಎದೆಗೆ ಅವಚಿಕೊಂಡ. ಕೊನೆಗೂ ಹೇಳುವ ದಾರಿ ಸಿಕ್ಕಿತು ಅಂತ ಪಾಲಾಕ್ಷನಿಗೆ ಎಷ್ಟು ಹಿಗ್ಗಾಯಿತೆಂದರೆ, ಬೋರಮ್ಮನಿಗೆ ಈ ಉಪಾಯ ಹೇಳಿಕೊಡಬೇಕು ಅಂದುಕೊಂಡ.

ಮೂರು ಹೊಡೆಯುವುದಕ್ಕೂ ಅಜ್ಜನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಎರಡು ಹಲಗೆಯ ಜಾರುಬಾಗಿಲು, ಒಳಗೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಇಕ್ಕಟ್ಟು. ಇಬ್ಬರ ಚೀಲವನ್ನೂ ಹೊತ್ತ ಓಬಣ್ಣ ಮೊದಲು ನುಗ್ಗಿದ್ದರಿಂದ ಪಾಲಾಕ್ಷ ಹಿಂದೆ ಓಣಿಯಲ್ಲೇ ಉಳಿದ. ಅಜ್ಜ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಓಬಣ್ಣನೂ ಬಗ್ಗಿದ. ಅತಿಥಿ ಬಗ್ಗಿದ ಮೇಲೆ ಮನೆಯವರು ಇನ್ನೊಮ್ಮೆ ಬಗ್ಗದಿದ್ದರೆ ಹೇಗೆ? ಅಜ್ಜ ಬಗ್ಗಿದರು. ಓಬಣ್ಣ ಬಗ್ಗಿದ. ಅಜ್ಜ ಇನ್ನೂ ಕೆಳಕ್ಕೆ ಬಗ್ಗಿದರು. ಓಬಣ್ಣ ಇನ್ನೂ ಕೆಳಕ್ಕೆ ಬಗ್ಗಿದ. ಅತಿಥಿ ನಿಲ್ಲಿಸದೆ ತಾವು ನಿಲ್ಲಿಸುವವರಲ್ಲ ಅಜ್ಜ, ಮುಂದಿರುವವರು ನಿಲ್ಲಿಸದೆ ತಾನು ನಿಲ್ಲಿಸುವವನಲ್ಲ ಓಬಣ್ಣ.

ಸಾಕು ನಿಲ್ಲಿಸೋ ಅಂತ ಪಾಲಾಕ್ಷ ಹಿಂದಿನಿಂದ ಮೆಲ್ಲಗೆ ಅಂದ, ಆಮೇಲೆ ಜೋರಾಗಿ ಅಂದ, ಆಮೇಲೆ ಬೇಡಿಕೊಂಡ. ಇವತ್ತು ಅವನ ಮಾತು ಕೇಳುವ ಹಾಗಿರಲಿಲ್ಲವಲ್ಲ. ಅಜ್ಜನಿಗೋ ಕಿವಿ ಮಂದ. ಚೀಲ ಹಿಡಿದು ಎಳೆದರೆ ಗೋಡೆ ಎಳೆದ ಹಾಗೆ. ಮೂರೂಕಾಲಾಯಿತು, ಮೂರೂ ಇಪ್ಪತ್ತಾಯಿತು. ತಾನು ಸಮುದ್ರ ದಾಟಿ ಬಂದ ಅರ್ಧ ಗಂಟೆ ಬಗ್ಗಿ ಬಗ್ಗಿಯೇ ಮುಗಿಯುತ್ತಿದೆ ಅಂತ ಪಾಲಾಕ್ಷನಿಗೆ ಅಳು ಬಂತು.

ಒಳಗಿದ್ದ ಗಡಿಯಾರಗಳೆಲ್ಲ ಒಟ್ಟಿಗೆ ಮೂರೂವರೆ ಹೊಡೆದವು. ಅಜ್ಜ ಬೆವರೊರೆಸಿಕೊಂಡು ನೆಟ್ಟಗಾದರು. ಓಬಣ್ಣನೂ ಬೆವರೊರೆಸಿಕೊಂಡು ನೆಟ್ಟಗಾದ. ಸಮಯ ಮುಗಿಯಿತು, ಬಂದವರು ಹೊರಡಲಿ ಅಂತ ಅಜ್ಜ ಬಾಗಿಲಿನ ಒಂದು ಹಲಗೆ ಎಳೆದರು. ಓಬಣ್ಣ ಇನ್ನೊಂದು ಹಲಗೆ ಎಳೆದ. ಬಾಗಿಲು ಮುಚ್ಚಿಕೊಂಡಿತು, ಒಳಗಿನ ಅಗಳಿ ತಾನಾಗಿ ಬಿತ್ತು. ಅಜ್ಜ, ಓಬಣ್ಣ, ಗಡಿಯಾರ ಒಳಗೆ, ಪಾಲಾಕ್ಷ ಬರಿಗೈಯಲ್ಲಿ ಹೊರಗೆ.

"ಓಬಣ್ಣ, ಬಾಗಿಲು ತೆಗಿಯೋ," ಅಂದ ಪಾಲಾಕ್ಷ.

"ಹೆಂಗ್ ತೆಗೀಲೋ? ಮುಂದಿರೋರು ತೆಗೆದಿಲ್ಲ."

"ಏನ್ ಮಾಡ್ತಾ ಇದಾರೋ ಅಜ್ಜ?"

"ನನ್ನ ನೋಡಿ ನಗ್ತಾ ಇದಾರೆ. ನಾನೂ ನಗ್ತಾ ಇದೀನಿ. ಈಗ ದೀಪ ಹಾಕ್ಕಂಡು ಕೂತ್ರು, ನಾನೂ ಕೂತೆ. ಗಡಿಯಾರ ಕೊಡು ಅಂತ ಕೈ ಚಾಚವ್ರೆ ಕಣೋ."

ಪಾಲಾಕ್ಷನಿಗೆ ಹೋದ ಜೀವ ಬಂದ ಹಾಗಾಯಿತು. ಅಜ್ಜನ ಮನಸ್ಸು ಕರಗಿದೆ, ಬಿಚ್ಚುತ್ತಾರೆ. ಬಾಗಿಲಿಗೆ ಬಾಯಿ ಹಚ್ಚಿ, "ಮತ್ತೆ ಕೊಟ್ಟೆಯೇನೋ?" ಅಂತ ಕೇಳಿದ.

"ಎಲ್ಲಿ ಕೊಡ್ಲಿ," ಅಂದ ಓಬಣ್ಣ. "ನಾನೂ ಕೈ ಚಾಚಿದೀನಿ."